ಅಂಬವ್ವನ ಕಣ್ಣಿಗೆ ಹಿಡಿದ ಸೂಜಿಗಲ್ಲು

ಇದನ್ನು ಬರೆಯಲು ನನಗೆ ಅಧಿಕಾರವಿದೆಯೋ ಇಲ್ಲವೋ ಎಂದು ಬಹಳ ಯೋಚಿಸಿದ್ದೇನೆ. ನಾನು ನೇಕಾರ. ಓದಿದ್ದು ಸಂಜೆಯ ವರ್ಗದಲ್ಲಿ, ಮಗ್ಗದ ಕುಣಿಯಿಂದ ಎದ್ದು ಕೈಕಾಲು ತೊಳೆದುಕೊಂಡು ಹೋಗಿ. ಇದು ನನ್ನ ಮನೆಯ ಸಂಗತಿಯೂ ಅಲ್ಲ, ಪಕ್ಕದ ಮನೆಯದು. ಇನ್ನೊಬ್ಬರ ಮನೆಯ ದುಃಖವನ್ನು ಕಾಗದಕ್ಕೆ ಇಳಿಸುವುದು ತಪ್ಪು ಎನ್ನುವವರಿದ್ದರೆ ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ನಮ್ಮ ಓಣಿಯಲ್ಲಿ ಈಗ ಈ ಸಂಗತಿಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಒಂದರಲ್ಲಿ ವರ್ಗ ನಡೆಸಿದ ಮಾಸ್ತರರು ಪಾಪಿ, ಇನ್ನೊಂದರಲ್ಲಿ ಪಕ್ಕದ ಮನೆಯ ಅಮೀನಪ್ಪ ಹುಂಬ. ನಾನು ಕಂಡದ್ದಕ್ಕೆ ಎರಡೂ ಹೊಂದುವುದಿಲ್ಲ. ಅದಕ್ಕಾಗಿ ಧೈರ್ಯ ಮಾಡಿದ್ದೇನೆ. ಕ್ಷಮಿಸಬೇಕು.

ಇಳಕಲ್ಲಿನಲ್ಲಿ ಅಮೀನಪ್ಪನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನ ಮಗ್ಗದ ಸಪ್ಪಳ ನಿಂತರೆ ನನಗೆ ತಿಳಿಯುತ್ತದೆ, ನನ್ನದು ನಿಂತರೆ ಅವನಿಗೆ. ಅವನ ಹೆಂಡತಿ ಅಂಬವ್ವ. ತಾಯಿ ದುರ್ಗವ್ವ ಆಗಲೇ ಮುದುಕಿ. ಮಕ್ಕಳಿರಲಿಲ್ಲ.

ಅಂಬವ್ವ ಕೊಂಡಿ ಹಾಕುವವಳು. ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದೀತು. ನಮ್ಮ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸೂ, ಅಂದರೆ ಉದ್ದದ ಎಳೆಗಳೂ, ಬೇರೆ ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಯ ಕುಣಿಕೆಗೆ ಸಿಕ್ಕಿಸಿ ಕೂಡಿಸಿದ ಮೇಲೆಯೇ ಹಾಸು ಮಗ್ಗಕ್ಕೆ ಏರುತ್ತದೆ. ಒಂದು ಎಳೆ ತಪ್ಪಿದರೆ ಆ ತಪ್ಪು ಸೀರೆಯ ಉದ್ದಕ್ಕೂ ಬರುತ್ತದೆ. ಆ ಕೆಲಸ ಹೆಂಗಸರದು. ನಮ್ಮ ಓಣಿಯಲ್ಲಿ ಅಂಬವ್ವನದು. ಅವಳು ಹೊಸ್ತಿಲ ಬಳಿ ಬೆಳಕಿಗೆ ಎದುರಾಗಿ ಕುಳಿತು ಕೊಂಡಿ ಹಾಕುವಾಗ ಬೆರಳುಗಳು ಎಳೆಯನ್ನು ಎಣಿಸುತ್ತವೋ ಕಣ್ಣು ಎಣಿಸುತ್ತದೋ ಹೇಳಲಾಗುತ್ತಿರಲಿಲ್ಲ. ನನ್ನ ಮಗ್ಗವೂ ಅವಳ ಕೈಗಾಗಿ ಕಾಯುತ್ತಿತ್ತು.

ಸಂಜೆಯ ವರ್ಗ ನಡೆಯುತ್ತಿದ್ದದ್ದು ಅಮೀನಪ್ಪನ ಪಡಸಾಲೆಯಲ್ಲಿ. ಆಗ ನಮ್ಮ ಕಡೆ ಇನ್ನೂ ಮುಂಬೈ ಸರಕಾರ. ದೊಡ್ಡವರಿಗೂ ಅಕ್ಷರ ಕಲಿಸಬೇಕೆಂದು ವರ್ಗಗಳು ಹುಟ್ಟಿದ್ದವು. ಪಂಢರೀನಾಥ ಮಾಸ್ತರರು ಹಗಲೆಲ್ಲ ಮಕ್ಕಳಿಗೆ ಕಲಿಸಿ, ದೀಪ ಹಚ್ಚುವ ಹೊತ್ತಿಗೆ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಓಣಿಗೆ ಬರುತ್ತಿದ್ದರು. ತೆಳ್ಳಗಿನ ಮನುಷ್ಯ, ಮಾತು ಮೆತ್ತಗೆ. ಒಂದು ಗುಣ ಅವರಲ್ಲಿ ನನಗೆ ಬಹಳ ಹಿಡಿಸಿತ್ತು. ಗೊತ್ತಿಲ್ಲದ್ದನ್ನು ಕೇಳಿದರೆ, ನೋಡಿ ಹೇಳ್ತೇನಿ ಎನ್ನುತ್ತಿದ್ದರು, ಮರುದಿನ ನಿಜವಾಗಿಯೂ ನೋಡಿಕೊಂಡು ಬಂದು ಹೇಳುತ್ತಿದ್ದರು. ನಾವು ಮರೆತಿರುತ್ತಿದ್ದೆವು, ಅವರು ಮರೆಯುತ್ತಿರಲಿಲ್ಲ.

ಒಂದು ಸಲ ಅವರು ಹಲಗೆಯ ಮೇಲೆ ಆಕಾರಗಳನ್ನು ಬರೆದು ಹೆಸರು ಹೇಳಿಸಿದರು. ಚೌಕ, ಆಯತ, ತ್ರಿಕೋನ, ವರ್ತುಳ. ಇವೆಲ್ಲ ನಮಗೆ ಬೇರೆ ಹೆಸರಿನಲ್ಲಿ ಗೊತ್ತಿದ್ದವು. ಚೌಕಡಿಯನ್ನು ನಾವು ದಿನವೂ ನೇಯುತ್ತೇವೆ. ತ್ರಿಕೋನ ನಮ್ಮ ಸೆರಗಿನ ತೆನಿ, ಜೋಳದ ತೆನೆಯ ಹಾಗೆ ಮೇಲಕ್ಕೆ ಮೂಲೆ ಮಾಡಿಕೊಂಡು ನಿಲ್ಲುವಂಥದು. ವರ್ತುಳ ಮಾತ್ರ ಮಗ್ಗದಲ್ಲಿ ಹುಡುಕಿದರೂ ಸಿಗಲಿಲ್ಲ. ಸೀರೆಯ ದಡಿಯಲ್ಲಿ ನೇಯುವ ಚಿಕ್ಕಿ, ಅಂದರೆ ಚುಕ್ಕೆ, ಗುಂಡಗಿದೆ ಎಂದು ನಾನು ಹೇಳಿದೆ. ಮಾಸ್ತರರು ಅದನ್ನು ದೀಪದ ಹತ್ತಿರ ಹಿಡಿದು ತೋರಿಸಿದರು. ಎಳೆ ಉದ್ದಕ್ಕೆ ಹೋಗುತ್ತದೆ ಇಲ್ಲವೆ ಅಡ್ಡಕ್ಕೆ ಹೋಗುತ್ತದೆ, ಬಾಗುವುದಿಲ್ಲ. ಚಿಕ್ಕಿಯ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಒಳಗಿನಿಂದ ಅಂಬವ್ವ ಹೇಳಿದಳು: “ಮಗ್ಗದಾಗ ಯಾಕ ಹುಡುಕ್ತೀರಿ? ನಮ್ಮತ್ತಿ ಕೈಯಾಗ ನೋಡ್ರಿ, ತಾಟಿನಗಲ ರೊಟ್ಟಿ ಐತಿ.” ದುರ್ಗವ್ವನೂ ನಕ್ಕಳು.

ಇನ್ನೊಂದು ಸಲ ಮಾಸ್ತರರು ಬಟ್ಟೆಯಲ್ಲಿ ಸುತ್ತಿದ ಎರಡು ಅಯಸ್ಕಾಂತದ ಪಟ್ಟಿಗಳನ್ನು ತಂದರು. ನಮ್ಮ ಮಾತಿನಲ್ಲಿ ಸೂಜಿಗಲ್ಲು. ಒಂದೊಂದರ ಒಂದು ತುದಿಗೆ ಕೆಂಪು ಬಣ್ಣ ಹಚ್ಚಿತ್ತು. ಒಂದನ್ನು ರೇಷ್ಮೆ ಎಳೆಯಿಂದ ತೊಲೆಗೆ ಕಟ್ಟಿ ಬಿಟ್ಟರು. ತಿರುಗಿ ತಿರುಗಿ ಕೊನೆಗೆ ಕೆಂಪು ತುದಿ ಹುನಗುಂದದ ಕಡೆ ಮುಖ ಮಾಡಿ ನಿಂತಿತು. ಎಷ್ಟು ಸಲ ತಿರುಗಿಸಿದರೂ ಅಲ್ಲಿಯೇ ನಿಂತಿತು. ಬಣ್ಣದ ಕೆಲಸದ ಚಮನಸಾಬ ನಮ್ಮ ಜೊತೆ ಕಲಿಯುತ್ತಿದ್ದ. ಹುನಗುಂದದ ಕೋರ್ಟಿನಲ್ಲಿ ಇದರದೂ ಒಂದು ವಾಯಿದೆ ಇರಬೇಕು ಎಂದ. ಆ ತುದಿಗೆ ಉತ್ತರ ಧ್ರುವ ಎಂದೂ ಇನ್ನೊಂದಕ್ಕೆ ದಕ್ಷಿಣ ಧ್ರುವ ಎಂದೂ ಮಾಸ್ತರರು ಬರೆಯಿಸಿದರು. ಬೇರೆ ತುದಿಗಳು ಒಂದನ್ನೊಂದು ಜಗ್ಗುತ್ತವೆ, ಒಂದೇ ತುದಿಗಳು ಒಂದನ್ನೊಂದು ನೂಕುತ್ತವೆ. ನೂಕುವುದನ್ನು ನಾವೆಲ್ಲ ಕೈಯಲ್ಲಿ ಹಿಡಿದು ನೋಡಿದೆವು. ನಡುವೆ ಏನೂ ಇಲ್ಲ, ಆದರೂ ಕೈ ಹಿಂದೆ ಸರಿಯುತ್ತಿತ್ತು. ಆಮೇಲೆ ಅವರು ಒಂದು ರಟ್ಟಿನ ಮೇಲೆ ಸೂಜಿ ಇಟ್ಟು ಕೆಳಗೆ ಸೂಜಿಗಲ್ಲು ಆಡಿಸಿದರು. ರಟ್ಟು ಅಡ್ಡವಿದ್ದರೂ ಸೂಜಿ ಅದರ ಹಿಂದೆ ಹೊರಟಿತು. ಅಮೀನಪ್ಪ ಅದನ್ನು ಮತ್ತೆ ಮತ್ತೆ ಮಾಡಿಸಿದ.

ಮಹಾನವಮಿ ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಿಲ್ಲುತ್ತದೆ. ಮುರಿದದ್ದು ಸಡಿಲಾದದ್ದು ರಿಪೇರಿ ಮಾಡುವುದು ಅಂದೇ. ಹಾಸು ಬಿಗಿಯುವ ಕಬ್ಬಿಣದ ಗೂಟ ಸಡಿಲಾಗಿತ್ತು. ಅಂಬವ್ವ ಗೂಟ ಹಿಡಿದು ಕುಳಿತಿದ್ದಳು, ಅಮೀನಪ್ಪ ಸುತ್ತಿಗೆಯಿಂದ ಬಡಿಯುತ್ತಿದ್ದ. ಎಷ್ಟೋ ವರ್ಷದ ಏಟು ತಿಂದು ಆ ಗೂಟದ ತಲೆ ಅರಳಿ ಸೀಳಿ ಹೋಗಿತ್ತು. ಏನೋ ಸಿಡಿಯಿತು. ಅಂಬವ್ವ ಎಡಗಣ್ಣಿಗೆ ಸೆರಗು ಒತ್ತಿಕೊಂಡಳು. ನಾನು ಹೋಗಿ ನೋಡುವ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಅಷ್ಟೆ. ರಕ್ತ ಕಾಣಲಿಲ್ಲ. ಕರಿ ಗುಡ್ಡೆಯ ಹೊರ ಅಂಚಿನಲ್ಲಿ ಉಗುರಿನಿಂದ ಗೀರಿದಷ್ಟು ಒಂದು ಗೆರೆ.

ಮರುದಿನ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಹುನಗುಂದದ ದವಾಖಾನೆಗೆ ಹೋದರು. ಅಲ್ಲಿ ನಡೆದದ್ದನ್ನು ಅಮೀನಪ್ಪ ಬಂದು ಹೇಳಿದ್ದು. ಡಾಕ್ಟರು ಕಣ್ಣು ನೋಡಿ, ಔಷಧ ಬಿಟ್ಟು, ಪಟ್ಟಿ ಕಟ್ಟಿ, ಕಬ್ಬಿಣ ಒಳಗೆ ಹೋಗಿರಬಹುದು, ತಡ ಮಾಡದೆ ಬಾಗಲಕೋಟೆಗೆ ಹೋಗಿರಿ, ಅಲ್ಲಿಂದ ಮುಂದೆ ಎಲ್ಲಿಗೆ ಕಳಿಸಬೇಕೋ ಅವರು ನೋಡುತ್ತಾರೆ ಎಂದರಂತೆ. ಹೇಗೆ ತೆಗೆಯುತ್ತಾರೆ, ಕಣ್ಣು ಕೊಯ್ಯುತ್ತಾರೇನು ಎಂದು ಅಮೀನಪ್ಪ ಹೆದರಿ ಕೇಳಿದ. ಅವನ ಹೆದರಿಕೆ ಕಳೆಯಲೆಂದೇ ಇರಬೇಕು, ಡಾಕ್ಟರು ಹೇಳಿದರು: ದೊಡ್ಡ ದವಾಖಾನೆಗಳಲ್ಲಿ ದೊಡ್ಡ ಸೂಜಿಗಲ್ಲು ಇರುತ್ತದೆ, ಅದನ್ನು ಕಣ್ಣಿನ ಹತ್ತಿರ ಹಿಡಿದರೆ ಕಬ್ಬಿಣ ತಾನೇ ಹೊರಗೆ ಬರುತ್ತದೆ.

ಬಟ್ಟೆಬರೆ ತೆಗೆದುಕೊಂಡು ಬಾಗಲಕೋಟೆಗೆ ಹೋಗಲೆಂದೇ ಅವರು ಊರಿಗೆ ಬಂದದ್ದು. ಆದರೆ ಬಸ್ಸು ಇಳಿದವನೇ ಅಮೀನಪ್ಪ ಮನೆಗೆ ಹೋಗಲಿಲ್ಲ, ನೆಟ್ಟಗೆ ಮಾಸ್ತರರ ಮನೆಗೆ ಹೋದ.

ಮಾಸ್ತರರು ಕೊಡುವುದಿಲ್ಲ ಎಂದರು. ಇದು ಪಾಠದ ಸಾಮಾನು, ಔಷಧವಲ್ಲ ಎಂದರು. ಅಮೀನಪ್ಪ ಬಿಡಲಿಲ್ಲ. ಡಾಕ್ಟರೇ ತಮ್ಮ ಬಾಯಿಂದ ಹೇಳಿದ್ದಾರೆ, ಬೇಕಾದರೆ ಹುನಗುಂದಕ್ಕೆ ಹೋಗಿ ಕೇಳಿ ಎಂದ. ಆ ಸಂಜೆ ಮಾಸ್ತರರು ಪುಸ್ತಕ ನೋಡಿಕೊಂಡು ಪಡಸಾಲೆಗೆ ಬಂದರು. ನಾವೆಲ್ಲ ಇದ್ದೆವು. ಅವರು ಹೇಳಿದ್ದನ್ನು ನಾನು ಆದಷ್ಟು ಅವರ ಮಾತಿನಲ್ಲಿಯೇ ಬರೆಯುತ್ತೇನೆ.

“ಬರೀ ಕಬ್ಬಿಣ ಇದ್ರ ಯಾವ ತುದಿ ಹಿಡಿದ್ರೂ ಜಗ್ಗತದ. ಆದರ ಭಾಳ ವರ್ಷ ಬಡಿಸಿಕೊಂಡ ಕಬ್ಬಿಣ ತಾನೇ ಸೂಜಿಗಲ್ಲು ಆಗಬಹುದು ಅಂತ ಬರದಾರ. ಹಂಗ ಆಗಿದ್ರ ಅದಕ್ಕೂ ಎರಡು ತುದಿ. ತಪ್ಪು ತುದಿ ಹಿಡಿದ್ರ ಒಳಗ ನೂಕಿಬಿಟ್ಟೀತು, ಅಮೀನಪ್ಪಾ. ಹಿಂಗಾಗಿ ಬ್ಯಾಡ ಅಂತೇನಿ. ಬಾಗಲಕೋಟಿಗೆ ಹೋಗು.”

ಹೆದರಲಿ, ಹೆದರಿ ಹೋಗಲಿ ಎಂದೇ ಅವರು ಹೀಗೆ ಹೇಳಿದರು. ಇದನ್ನು ಆಮೇಲೆ ಅವರೇ ನನಗೆ ಹೇಳಿದ್ದಾರೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಮೀನಪ್ಪನಿಗೆ ಆ ಮಾತಿನಲ್ಲಿ ಬಾಗಲಕೋಟೆ ಕೇಳಿಸಲಿಲ್ಲ, ತುದಿ ಕೇಳಿಸಿತು. ಸರಿಯಾದ ತುದಿ ಗೊತ್ತಾದರೆ ಕೆಲಸ ಆದಂತೆಯೇ ಎಂದು ಅವನಿಗೆ ಅನಿಸಿತು. ಅವನು ಆ ಗೂಟವನ್ನೇ ಕಿತ್ತು ತಂದು ನಮ್ಮ ಮುಂದೆ ಇಟ್ಟ. ಮಾಸ್ತರರು ಪಾಠಕ್ಕೆಂದು ತಂದಿದ್ದ ಸೂಜಿಗಲ್ಲಿನ ಎರಡೂ ತುದಿ ಹಿಡಿದು ನೋಡಿದೆವು. ಎರಡೂ ಜಗ್ಗಿದವು. ಕೆಂಪು ತುದಿ ಒಂದಿಷ್ಟು ಹೆಚ್ಚು ಜಗ್ಗಿತು ಎಂದು ಅಮೀನಪ್ಪ. ಚಮನಸಾಬ ಇಲ್ಲ ಎಂದ. ನನಗೆ ತಿಳಿಯಲಿಲ್ಲ.

ಇದನ್ನು ತೀರಿಸಿದವಳು ದುರ್ಗವ್ವ. ಅವಳಿಗೆ ಧ್ರುವ ಗೊತ್ತಿರಲಿಲ್ಲ, ದಿಕ್ಕು ಗೊತ್ತಿತ್ತು. “ತೆಂಕಣ ದಿಕ್ಕು ಯಮಂದು. ಆ ತುದಿ ನನ್ನ ಸೊಸಿ ಮಾರಿ ಮುಂದ ತರಬ್ಯಾಡ್ರಿ,” ಎಂದಳು. ಅಲ್ಲಿಗೆ ಕೆಂಪು ತುದಿ ಎಂದು ನಿಂತಿತು. ಮಾಸ್ತರರು ಎದ್ದು ನಿಂತಿದ್ದರು. ಕೊಡೆ ತೆಗೆದುಕೊಂಡು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದರು. ಕೊನೆಗೆ, ಎರಡು ದಿನ ನೋಡು, ಇಲ್ಲದಿದ್ದರೆ ಬಾಗಲಕೋಟೆಗೆ ಹೋಗಬೇಕು, ಮಾತು ಕೊಡು ಎಂದರು. ಅಮೀನಪ್ಪ ಮಾತು ಕೊಟ್ಟ, ಮಾಸ್ತರರು ಒಂದು ಸೂಜಿಗಲ್ಲನ್ನು ಅವನ ಕೈಗೆ ಕೊಟ್ಟು ಹೋದರು.

ಹೀಗೆ ಪಾಠದ ಹೊತ್ತಿಗೆ ಪಾಠ ನಿಂತು ಇದು ಶುರುವಾಯಿತು. ಅಂಬವ್ವನನ್ನು ತೊಲೆಯ ಕೆಳಗೆ ಮಣೆಯ ಮೇಲೆ ಕೂಡಿಸಿ, ಪಟ್ಟಿ ಬಿಚ್ಚಿ, ದುರ್ಗವ್ವ ದೀಪ ಹಿಡಿಯುವಳು. ಅಮೀನಪ್ಪ ಎಡಗಣ್ಣಿನ ಹೊರ ಮೂಲೆಯ ಹತ್ತಿರ, ರೆಪ್ಪೆಗೆ ತಾಗದಂತೆ, ಕೆಂಪು ತುದಿ ಹಿಡಿಯುವನು. ಅವನ ಕೈ ಮಗ್ಗದ ಕೈ, ನಡುಗುತ್ತಿರಲಿಲ್ಲ. ನಾವು ಸುತ್ತ ಕೂಡುತ್ತಿದ್ದೆವು.

“ಜಗ್ಗತೈತೇನ?” ಎಂದು ಕೇಳುವನು.

“ಹೂಂ, ಜಗ್ಗತೈತಿ,” ಎನ್ನುವಳು ಅಂಬವ್ವ.

ದಿನವೂ ಅದೇ ಮಾತು, ಅದೇ ಉತ್ತರ. ನೋವೂ ಕಡಿಮೆಯಾಯಿತು ಎಂದಳು. ಕೆಂಪು ಸ್ವಲ್ಪ ಇಳಿದದ್ದನ್ನು ನಾವೂ ನೋಡಿದೆವು. ಎರಡು ದಿನ ಹೋದವು. ನವರಾತ್ರಿ ನಡೆದಿತ್ತು. ಹಬ್ಬಕ್ಕೆ ದೇವರ ಘಟ್ಟ ಹಾಕಿದ ಮನೆ ಬಿಟ್ಟು ಹೋಗುವುದು ಬೇಡ ಎಂದು ದುರ್ಗವ್ವ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅಂಬವ್ವ ಬಲಗಣ್ಣಿನಿಂದ ಕೊಂಡಿ ಹಾಕುತ್ತಿದ್ದಳು. ಕೈ ನಿಂತಿರಲಿಲ್ಲವಾದ್ದರಿಂದ ಓಣಿಯ ಮಗ್ಗಗಳೂ ನಿಲ್ಲಲಿಲ್ಲ. ಬಹುಶಃ ಅದೂ ಒಂದು ಕಾರಣ, ಯಾರೂ ಅವಸರ ಮಾಡದಿರಲು.

ಬನ್ನಿ ಮುಡಿಯುವ ಹಬ್ಬ ಕಳೆದ ಮೇಲೆ ಒಂದು ಸಂಜೆ ಅಮೀನಪ್ಪ ಗೋಡೆಯಾಚೆಯಿಂದ ನನ್ನನ್ನು ಕರೆದ. ದನಿಯಲ್ಲಿ ಹಿಗ್ಗಿತ್ತು. ಹೋಗಿ ದೀಪದ ಬೆಳಕಿನಲ್ಲಿ ನೋಡಿದೆ. ಅಂಬವ್ವನ ಎಡಗಣ್ಣಿನ ನಡುವಿನ ಕರಿ ಬೊಟ್ಟು ಗುಂಡಗೆ ಉಳಿದಿರಲಿಲ್ಲ. ಹೊರಗಿನ ಕಡೆ, ದಿನವೂ ಸೂಜಿಗಲ್ಲು ಹಿಡಿಯುವ ಕಡೆಗೇ, ಮೂಲೆ ಎಳೆದುಕೊಂಡು ನಿಂತಿತ್ತು. ನಮ್ಮ ಸೆರಗಿನ ತೆನಿಯ ಹಾಗೆ.

ನಮಗೆಲ್ಲ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಗೀರಿನ ಗುರುತೂ ಅದೇ ಕಡೆ ಇತ್ತು ಎಂಬುದನ್ನು ಯಾರೂ ನೆನೆಯಲಿಲ್ಲ. ರಟ್ಟಿನ ಮೇಲಿನ ಸೂಜಿಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಇಲ್ಲಿಯೂ ಅದೇ ನಡೆಯುತ್ತಿದೆ, ಕಬ್ಬಿಣ ಹೊರಟಿದೆ, ತನ್ನ ಜೊತೆ ಕಣ್ಣಿನ ಕರಿಯನ್ನೂ ಒಂದಿಷ್ಟು ಎಳೆಯುತ್ತಿದೆ, ಹೊರಗೆ ಬಂದ ಮೇಲೆ ಮತ್ತೆ ಗುಂಡಗಾಗುತ್ತದೆ ಎಂದುಕೊಂಡೆವು.

ಮಾಸ್ತರರು ಬಂದು ನೋಡಿದರು. ಬಲಗಣ್ಣು ನೋಡಿದರು, ಮತ್ತೆ ಎಡಗಣ್ಣು ನೋಡಿದರು. ಎರಡರ ಆಕಾರದ ಹೆಸರು ಹೇಳು ಎಂದು ಅಮೀನಪ್ಪನನ್ನು ಕೇಳಿದರು. ಅವನು ಪಾಠ ಒಪ್ಪಿಸುವವನಂತೆ ಹೇಳಿದ: “ಇದು ವರ್ತುಳ. ಇದೂ ವರ್ತುಳನ, ಮೂಲಿ ಬಂದೈತಿ.”

“ಮೂಲಿ ಬಂದ ಮ್ಯಾಲೆ ಅದು ವರ್ತುಳ ಅಲ್ಲೊ,” ಎಂದರು ಮಾಸ್ತರರು. “ಕಣ್ಣಿನ ಬೊಟ್ಟು ಗುಂಡಗಿರಬೇಕು. ಅದು ಬಿಟ್ಟು ಬ್ಯಾರೆ ಆಕಾರ ಅದಕ್ಕಿಲ್ಲ. ಇದು ನೆಟ್ಟಗಿಲ್ಲ. ನಾಳೆನ ಹೋಗೋಣ.”

“ಒಳಗಿನದು ಹೊರಗ ಬರಾಕತ್ರ ಆಕಾರ ಬದಲಾಗದ ಇರತೈತೇನ್ರೀ? ಹೊರಡೂ ಹೊತ್ತಿಗೆ ಬಿಡು ಅಂತೀರಲ್ಲ.”

ಮಾಸ್ತರರು ಇನ್ನೊಮ್ಮೆ ದೀಪ ಹಿಡಿದು ನೋಡಿದರು. ನನಗೆ ತಿಳಿಯುತ್ತಿಲ್ಲ, ತಿಳಿಯದ್ದರಿಂದಲೇ ಹೆದರಿಕೆಯಾಗುತ್ತಿದೆ ಎಂದರು. ಸೂಜಿಗಲ್ಲು ವಾಪಸು ಕೊಡು ಎಂದರು. ಅಮೀನಪ್ಪ ಅದನ್ನು ಸೊಂಟಕ್ಕೆ ಸುತ್ತಿದ ವಲ್ಲಿಯಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದ. ಮಾಸ್ತರರು ಮರುದಿನ ರಜೆ ಹಾಕಿ ಹುನಗುಂದಕ್ಕೆ ಹೋದರು. ಡಾಕ್ಟರು ಊರಲ್ಲಿರಲಿಲ್ಲ. ಅದರ ಮರುದಿನವೂ ಹೋದರು, ಆಗಲೂ ಬಂದಿರಲಿಲ್ಲ. ಮೂಲೆಯ ಸಂಗತಿಯನ್ನು ಕಂಪೌಂಡರನಿಗೆ ಹೇಳಿ ಬಂದರಂತೆ. ಅವನಿಗೆ ಅದು ತಿಳಿಯಿತೋ ಇಲ್ಲವೋ.

ಅಷ್ಟರಲ್ಲಿ ಇಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಗೀರು ಇದ್ದ ಜಾಗದಲ್ಲಿ, ಬಿಳಿ ಗುಡ್ಡೆಯ ಅಂಚಿಗೆ, ಎಳ್ಳಿನ ಕಾಳಿನಂಥ ಒಂದು ಕರಿ ಚುಕ್ಕೆ. ಇದು ಕಬ್ಬಿಣದ ಮೊನೆ, ಮುಖ ತೋರಿಸಿದೆ ಎಂದು ಅಮೀನಪ್ಪ ಓಣಿಯ ತುಂಬ ಹೇಳಿಕೊಂಡು ಬಂದ. ದುರ್ಗವ್ವ ಕಾಯಿ ಒಡೆದಳು, ತುಳಸಿಗೇರಿಯ ಹನುಮಪ್ಪನಿಗೆ ಹರಕೆ ಹೊತ್ತಳು. ಚಿಮಟಿಯಿಂದ ಹಿಡಿದು ಎಳೆಯಲು ಅಮೀನಪ್ಪ ಕೈ ಚಾಚಿದ್ದನ್ನು ಚಮನಸಾಬ ತಡೆದ. “ಕಣ್ಣ ಐತ್ಯೋ ಬಾಂವಿ ಐತ್ಯೋ, ಹಗ್ಗ ಬಿಟ್ಟಂಗ ದಿನಾ ಜಗ್ಗತಿಯಲ್ಲಲೇ,” ಎಂದು ಬಯ್ದ. ಅಮೀನಪ್ಪ ಆಮೇಲೆ ಅವನನ್ನು ಒಳಗೆ ಕರೆಯಲಿಲ್ಲ. ಸೂಜಿಗಲ್ಲನ್ನು ಮಾತ್ರ ಬೆಳಿಗ್ಗೆಯೂ ಸಂಜೆಯೂ ಹಿಡಿಯತೊಡಗಿದ. ಜಗ್ಗತೈತೇನ ಎಂದರೆ ಅಂಬವ್ವ ಜಗ್ಗತೈತಿ ಎನ್ನುತ್ತಿದ್ದಳು.

ದೀಪಾವಳಿಗೆ ಸೀರೆ ಮುಗಿಸುವ ಗಡಿಬಿಡಿ. ನನ್ನ ಮಗ್ಗಕ್ಕೆ ಅಂಬವ್ವ ಕೊಂಡಿ ಹಾಕಿಕೊಟ್ಟ ಹಾಸು ಏರಿಸಿದೆ. ನೇಯಲು ಕುಳಿತರೆ ಒಡಲಿನ ಎಳೆಗಳು ಅಲ್ಲಲ್ಲಿ ಜೋಡಿ ತಪ್ಪಿದ್ದವು. ಒಂದು ಕುಣಿಕೆಗೆ ಎರಡು ಎಳೆ, ಮುಂದಿನದು ಖಾಲಿ. ಅವಳ ಕೈಯಿಂದ ಅಂಥದು ಬಂದದ್ದನ್ನು ನಾನು ಕಂಡಿರಲಿಲ್ಲ. ನಾನು ಅಮೀನಪ್ಪನಿಗೆ ಹೇಳಲೋ ಬೇಡವೋ ಎಂದು ಕುಳಿತಿರುವಾಗಲೇ ಗೋಡೆಯಾಚೆ ದುರ್ಗವ್ವನ ದನಿ ಕೇಳಿತು. ಸೊಸೆ ಹಾಡು ಹಗಲಲ್ಲಿ ಕೈಯಿಂದ ನೆಲ ತಡವಿ ತಂಬಿಗೆ ಹುಡುಕುವುದನ್ನು ಅವಳು ನೋಡಿದ್ದಳು. ಬಲಗಣ್ಣಿಗೆ ಬೆಳಕು ಚುಚ್ಚುತ್ತದೆ, ಎಳೆಗಳ ಮೇಲೆ ಮಂಜು ಕೂತಂತೆ ಕಾಣುತ್ತದೆ, ಕೆಲವು ದಿನಗಳಿಂದ ಹೀಗೆ ಎಂದು ಅಂಬವ್ವ ಆಗ ಬಾಯಿಬಿಟ್ಟಳು. ಪೆಟ್ಟಾಗದ ಕಣ್ಣು ಅದು.

ಮರುದಿನ ಬಾಗಲಕೋಟೆಗೆ ಹೊರಟೆವು. ಗಂಡ ಹೆಂಡತಿ, ಮಾಸ್ತರರು, ನಾನು. ಬಸ್ಸೆಲ್ಲ ಕಬ್ಬಿಣ, ಹೊರಬರುವ ಹೊತ್ತಿಗೆ ಅದು ಬೇರೆ ಕಡೆ ಜಗ್ಗೀತು ಎಂದು ಅಮೀನಪ್ಪ ಹೆಂಡತಿಯನ್ನು ನಡುವಿನ ಸೀಟಿಗೆ ಕೂಡಿಸಿದ, ಕಿಟಕಿಯ ಸರಳಿಗೆ ತಲೆ ತಾಗದ ಹಾಗೆ ಕೈ ಅಡ್ಡ ಹಿಡಿದ. ಯಾರೋ ನಕ್ಕರು. ಮಾಸ್ತರರು ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಕಮತಗಿಯ ಹತ್ತಿರ ಬಿಸಿಲು ನೇರ ಬಂದಾಗ ಅಂಬವ್ವ ಎರಡೂ ಕಣ್ಣಿಗೆ ಸೆರಗು ಮುಚ್ಚಿಕೊಂಡಳು. ಬಾಗಲಕೋಟೆ ಬರುವವರೆಗೆ ತೆಗೆಯಲಿಲ್ಲ.

ಅಲ್ಲಿಯ ಡಾಕ್ಟರು ವಯಸ್ಸಾದವರು. ಕೋಣೆ ಕತ್ತಲೆ ಮಾಡಿ ಸಣ್ಣ ದೀಪದಿಂದ ಬಹಳ ಹೊತ್ತು ನೋಡಿದರು. ಎಡಗಣ್ಣಿಗೆ ದೀಪ ಹಿಡಿದು ಬೆಳಕು ಯಾವ ಕಡೆ ಇದೆ ಎಂದು ಕೇಳಿದರು. ಅಂಬವ್ವ ಮೇಲೆ ಎಂದಳು. ದೀಪ ಕೆಳಗಿತ್ತು. ಮತ್ತೆ ಕೇಳಿದರು, ಬಲಕ್ಕೆ ಎಂದಳು. ಆಗ ದೀಪವೇ ಆರಿತ್ತು. ಎಷ್ಟು ದಿನದಿಂದ ಕಾಣುತ್ತಿಲ್ಲ ಎಂದಾಗ ಅವಳು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಳು.

ಅಮೀನಪ್ಪ ಆ ಕರಿ ಚುಕ್ಕೆಯನ್ನು ತೋರಿಸಿ, ಕಬ್ಬಿಣ ಅಲ್ಲಿಯವರೆಗೆ ಬಂದಿದೆ, ಅದೊಂದನ್ನು ತೆಗೆದುಕೊಡಿ ಎಂದು ಕೈಮುಗಿದ. ಸೊಂಟದಿಂದ ಸೂಜಿಗಲ್ಲು ತೆಗೆದು ತೋರಿಸಿದ.

“ಅದು ಕಬ್ಬಿಣ ಅಲ್ಲಪ್ಪ, ಅದು ಕಣ್ಣ,” ಎಂದರು ಡಾಕ್ಟರು.

ಅವರು ಬಿಡಿಸಿ ಹೇಳಿದ್ದು ನನಗೆ ತಿಳಿದಷ್ಟು ಇದು. ಕಣ್ಣಿನಲ್ಲಿ ತೂತು ಬಿದ್ದಿತ್ತು. ಬೊಟ್ಟಿನ ಸುತ್ತಲಿನ ಪರದೆ ಆ ತೂತಿನಿಂದ ಹೊರಗೆ ಹೊರಟಿತ್ತು. ಅದು ಹೊರಟಂತೆಲ್ಲ ಬೊಟ್ಟು ಆ ಕಡೆ ಮೂಲೆಯಾಗುತ್ತ ಹೋಯಿತು. ಸೂಜಿಗಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಈ ಸೂಜಿಗಲ್ಲು ಎತ್ತುವುದು ಹೆಚ್ಚೆಂದರೆ ಕಾಗದಕ್ಕೆ ಚುಚ್ಚುವ ಟಾಚಣಿಯನ್ನು. ದವಾಖಾನೆಗಳಲ್ಲಿರುವುದು ಕರೆಂಟಿನಿಂದ ನಡೆಯುವ ಬೇರೆಯೇ ಯಂತ್ರ, ಅದನ್ನೂ ಮೊದಲ ದಿನಗಳಲ್ಲಿ ಹಿಡಿದರೆ ಉಪಯೋಗ. ಈಗ ಆ ಕೆಟ್ಟ ಕಣ್ಣಿನ ದೆಸೆಯಿಂದ ಒಳ್ಳೆಯ ಕಣ್ಣೂ ಬೇನೆ ಹಿಡಿದಿದೆ. ಕೆಟ್ಟದ್ದನ್ನು ತೆಗೆದುಹಾಕಬೇಕು. ತೆಗೆದರೂ ಇನ್ನೊಂದು ಉಳಿಯುತ್ತದೆ ಎಂದು ತಾವು ಹೇಳಲಾರರು. ತೆಗೆಯದಿದ್ದರೆ ಉಳಿಯುವ ಆಸೆಯನ್ನು ಬಿಡಬೇಕು.

ಅಮೀನಪ್ಪ ಒಪ್ಪಲಿಲ್ಲ. ಅವನು ವಾದ ಮಾಡಲಿಲ್ಲ, ಬೇಡ ಎನ್ನುತ್ತಲೂ ಇರಲಿಲ್ಲ. ಒಂದು ಸಲ, ಒಂದೇ ಸಲ ನಿಮ್ಮ ಮುಂದೆ ಹಿಡಿದು ನೋಡುತ್ತೇನೆ ಎಂದು ಕೇಳುತ್ತಿದ್ದ. ಸೂಜಿಗಲ್ಲನ್ನು ಅವನ ಕೈಯಿಂದ ತೆಗೆದುಕೊಳ್ಳಲು ಮಾಸ್ತರರು ಹೋದರು, ಅವನು ಬಿಡಲಿಲ್ಲ. ಮಾಸ್ತರರಿಗೆ ಅಳು ಬಂತು. ದೊಡ್ಡವರು ಅಳುವುದನ್ನು ನೋಡಬಾರದೆಂದು ನಾನು ಗೋಡೆಯ ಕಡೆ ತಿರುಗಿದೆ.

ಅಮೀನಪ್ಪ ಹೆಂಡತಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. “ನೀ ದಿನಾ ಜಗ್ಗತೈತಿ ಅಂದಿಯಲ್ಲ,” ಎಂದ. ಸಿಟ್ಟಿನಿಂದ ಕೇಳಿದ್ದಲ್ಲ. ಅವಳು ಹೂಂ ಎಂದುಬಿಟ್ಟರೆ ಇನ್ನೂ ಏನೋ ಉಳಿದಿದೆ ಎಂಬಂತೆ ಕೇಳಿದ.

ಅಂಬವ್ವ ಅವನ ಕಡೆ ಮುಖ ತಿರುಗಿಸಲಿಲ್ಲ. ಡಾಕ್ಟರು ಎಲ್ಲಿದ್ದಾರೆಂದು ಅವರ ದನಿ ಬಂದ ಕಡೆ ನೋಡಿದಳು.

“ತಗೀರಿ,” ಎಂದಳು. “ಇನ್ನೊಂದರೆ ಉಳೀಲಿ. ನನಗ ಕೊಂಡಿ ಹಾಕೋದು ಐತಿ.”

ಕಣ್ಣು ತೆಗೆದರು. ದೀಪಾವಳಿ ಅವರಿಗೆ ದವಾಖಾನೆಯಲ್ಲಿಯೇ ಆಯಿತು. ಬಲಗಣ್ಣಿಗೆ ಬಹಳ ದಿನ ಔಷಧ ಹಾಕಿದರು. ಅದು ಪೂರ್ತಿ ಹೋಗಲಿಲ್ಲ, ಉಳಿಯಿತು ಎನ್ನುವಂತೆಯೂ ಇಲ್ಲ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬುದು ಅವಳಿಗೆ ತಿಳಿಯುತ್ತದೆ, ಯಾರು ಎಂಬುದು ಮಾತಾಡಿದ ಮೇಲೆ ತಿಳಿಯುತ್ತದೆ. ಎಳೆ ಕಾಣುವುದಿಲ್ಲ. ಮೊದಮೊದಲು ಕೈಯಿಂದಲೇ ಆದೀತೆಂದು ಕುಳಿತು ನೋಡಿದಳು. ಹಾಕಿದ್ದನ್ನೆಲ್ಲ ದುರ್ಗವ್ವ ಕದ್ದು ಬಿಚ್ಚಿ, ಬೇರೆಯವರ ಕೈಯಿಂದ ಹಾಕಿಸುತ್ತಿದ್ದಳು. ಅದು ಅಂಬವ್ವನಿಗೆ ಗೊತ್ತಾಗಿ, ಒಂದು ದಿನ ಕುಣಿಕೆಗಳ ಗೊಂಚಲನ್ನು ಅತ್ತೆಯ ಮಡಿಲಿಗೆ ಹಾಕಿ ಎದ್ದಳು. ಈಗ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾಳೆ. ಅದಕ್ಕೆ ಕಣ್ಣು ಅಷ್ಟು ಬೇಡ. ಕೊಂಡಿಗೆ ಈಗ ಕೆಳಗಿನ ಓಣಿಯಿಂದ ಲಾಲಬಿ ಬರುತ್ತಾಳೆ. ಅವಳು ಕೆಲಸ ಮಾಡುವ ಹೊತ್ತಿಗೆ ಅಂಬವ್ವ ಹಿತ್ತಿಲಿಗೆ ಹೋಗಿ ಕೂಡುತ್ತಾಳೆ.

ವರ್ಗ ನಿಂತುಹೋಯಿತು. ಮಾಸ್ತರರು ಬಾದಾಮಿಗೆ ಬದಲಿ ಮಾಡಿಸಿಕೊಂಡು ಹೋದರು. ಹೋಗುವ ಮೊದಲು ಅಮೀನಪ್ಪನ ಮನೆಯ ಮುಂದೆ ಬಂದು ನಿಂತಿದ್ದರು. ದುರ್ಗವ್ವ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಅಮೀನಪ್ಪ ಮಗ್ಗದಲ್ಲಿದ್ದ, ಏಳಲಿಲ್ಲ. ಅವನು ಯಾರನ್ನೂ ಬಯ್ಯುವುದಿಲ್ಲ. ಓಣಿಯವರೇ ಅವನ ಪರವಾಗಿಯೂ ಅವನ ವಿರುದ್ಧವಾಗಿಯೂ ಬಯ್ಯುತ್ತಾರೆ.

ಆ ಕಣ್ಣಿನಲ್ಲಿ ಕಬ್ಬಿಣ ಇತ್ತೋ ಇರಲಿಲ್ಲವೋ ಅದೂ ತಿಳಿಯದೆ ಹೋಯಿತು. ತೆಗೆದ ಕಣ್ಣನ್ನು ಡಾಕ್ಟರು ಸೀಳಿ ನೋಡಿರಬಹುದು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ನನ್ನನ್ನು ಕಾಡುವುದು ಅದಲ್ಲ. ಕೆಂಪು ತುದಿ ಹತ್ತಿರ ಬಂದಾಗ ಅಂಬವ್ವನಿಗೆ ನಿಜವಾಗಿ ಏನಾದರೂ ಜಗ್ಗಿದಂತಾಗುತ್ತಿತ್ತೋ, ಜಗ್ಗಲಿ ಎಂಬ ಆಸೆಯಲ್ಲಿ ಹಾಗೆ ಅನಿಸುತ್ತಿತ್ತೋ, ಅಥವಾ ದೀಪ ಹಿಡಿದ ಅತ್ತೆಯ ಮುಂದೆ, ಕೈ ನಡುಗದ ಹಾಗೆ ಹಿಡಿದು ಕುಳಿತ ಗಂಡನ ಮುಂದೆ, ಇಲ್ಲ ಎನ್ನಲು ಆಗದೆ ಹಾಗೆ ಹೇಳುತ್ತಿದ್ದಳೋ? ಗೋಡೆಯಾಚೆಯೇ ಇದ್ದಾಳೆ. ಕೇಳುವ ಧೈರ್ಯ ನನಗೆ ಬಂದಿಲ್ಲ. ಕೇಳಿದರೂ ಹೇಳುವಳೆಂದು ತೋರುವುದಿಲ್ಲ. ನನಗೆ ಗೊತ್ತಿಲ್ಲ.